ಬೊಟ್ಟಿನ ಜಾಗಕ್ಕೆ ಬೊಟಾಕ್ಸ್

ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿನ ಕಾಂಪೌಂಡು ಎದೆಮಟ್ಟದ್ದು. ಕಟ್ಟಿಸಿದವರು ಕಳ್ಳರಿಗೆ ಅಡ್ಡವಾಗಲಿ ಅಂತ ಕಟ್ಟಿಸಿದ್ದರೋ ಏನೋ. ಮೊಣಕೈ ಊರಿಕೊಂಡು ಮಾತಾಡೋದಕ್ಕೆ ಇದರಷ್ಟು ಹೇಳಿ ಮಾಡಿಸಿದ ಎತ್ತರ ಇಡೀ ಮೈಸೂರಿನಲ್ಲಿ ಇನ್ನೊಂದಿರಲಾರದು. ಆ ಕಡೆ ಅಕ್ಕ, ಈ ಕಡೆ ನಾನು. ಮೇಲೆ ನುಗ್ಗೆಮರ. ಬೇರು ಅವರ ಕಡೆ, ಕಾಯಿ ನಮ್ಮ ಕಡೆ.

ಡಿಸೆಂಬರಿನ ಒಂದು ಮಧ್ಯಾಹ್ನ. ನೆನೆಸಿದ ಅವರೆಕಾಳಿನ ಪಾತ್ರೆಯನ್ನು ಗೋಡೆಯ ಮೇಲಿಟ್ಟುಕೊಂಡು ಇಬ್ಬರೂ ಹಿಚುಕುತ್ತಿದ್ದೆವು. ಅಕ್ಕ ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿ, "ಟೀಚರ್, ನನ್ನ ಮುಖ ನೋಡಿದ್ರೆ ನಿಮಗೆ ಏನನ್ಸುತ್ತೆ?" ಅಂದರು.

ವರ್ಷಗಟ್ಟಲೆ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟಿದ್ದೇನೆ. ಈ ಪ್ರಶ್ನೆ ಮಾತ್ರ ಸಿಲಬಸ್ಸಿನ ಹೊರಗಿನದು. "ಯಾಕೆ, ಚೆನ್ನಾಗೇ ಇದ್ದೀರಲ್ಲ" ಅಂದೆ.

"ಸಿಟ್ಟು ಬಂದಿರೋ ಹಾಗೆ ಕಾಣ್ತೀನಾ?"

ಇಲ್ಲ ಅನ್ನೋದು ಹೇಗೆ? ಅಕ್ಕನ ಹುಬ್ಬುಗಳ ನಡುವೆ ಎರಡು ಗೆರೆಗಳಿವೆ. ಕುಂಕುಮದ ಬೊಟ್ಟಿನ ಆಚೆಗೊಂದು ಈಚೆಗೊಂದು, ವೈಕುಂಠದ ಬಾಗಿಲಲ್ಲಿ ಜಯ ವಿಜಯರು ನಿಂತ ಹಾಗೆ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ಹರಕು ನೋಟು ನೋಡಿ ನೋಡಿ ಬಂದದ್ದು ಅಂತ ಅವರೇ ಹಿಂದೊಮ್ಮೆ ಹೇಳಿದ್ದರು.

ವಿಷಯ ಇಷ್ಟು. ಮಗನ ಮದುವೆ ಗೊತ್ತಾಗಿದೆ. ಧನುರ್ಮಾಸ ಕಳೆದು ಮಾಘದಲ್ಲಿ ಮುಹೂರ್ತ. ಹುಡುಗಿ ಮೊದಲ ಸಲ ಮನೆಗೆ ಬಂದು ಹೋದವಳು ಹುಡುಗನ ಹತ್ತಿರ ಮೆಲ್ಲಗೆ ಕೇಳಿದಳಂತೆ, ನಿಮ್ಮಮ್ಮನಿಗೆ ನಾನು ಇಷ್ಟ ಆಗ್ಲಿಲ್ವಾ ಅಂತ. ಆವತ್ತು ಅಕ್ಕ ಬೆಳಗಿಂದ ಹೋಳಿಗೆ ತಟ್ಟಿ ಬಡಿಸಿ, ಹುಡುಗಿಯ ಕೈ ಹಿಡಿದುಕೊಂಡೇ ಕೂತಿದ್ದರು. "ಒಳಗೆ ನಗ್ತಾನೇ ಇದ್ದೆ ಟೀಚರ್. ಹೊರಗೆ ಈ ದರಿದ್ರದ್ದು ಬೇರೇನೋ ಹೇಳ್ತಿದೆ" ಅಂತ ಹಣೆಯ ನಡುವೆ ಬೆರಳಿಟ್ಟರು. ಆಮೇಲೆ ಸೆರಗಿನ ಮರೆಯಿಂದ ಒಂದು ಕಾಗದ ತೆಗೆದರು. ಯಾವುದೋ ಸ್ಕಿನ್ ಕ್ಲಿನಿಕ್ಕಿನ ಪಟ್ಟಿ. ಬೊಟಾಕ್ಸ್, ಫಿಲ್ಲರ್, ಪೀಲ್, ಲೇಸರ್, ಥ್ರೆಡ್, ಪಿಆರ್‌ಪಿ. ದರ್ಶಿನಿಯ ಬೋರ್ಡಿನ ಹಾಗೆ ಎಲ್ಲದರ ಎದುರಿಗೂ ದರ. ಕತ್ತರಿ ಚಾಕು ಇಲ್ಲ, ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ಸು ಅಂತ ಕೆಳಗೆ ಒಕ್ಕಣೆ.

ನನಗೆ ನಗು ಬಂತು. ನಮಗೆಲ್ಲ ಈ ವಯಸ್ಸಿನಲ್ಲಿ ಇದು ಬೇಕಾ ಅಕ್ಕ, ಬಂದ ವಯಸ್ಸನ್ನು ಬಂದ ಹಾಗೆ ಒಪ್ಪಿಕೊಳ್ಳಬಾರದಾ ಅಂತ ಎರಡು ಮಾತು ಆಡಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, ಒಂದು ಕಾಳು ಹಿಚುಕಿ, "ಎರಡು ವಾರಕ್ಕೊಂದ್ಸಲ ಹಿತ್ತಲಲ್ಲಿ ಹಳೇ ನೈಟಿ ಹಾಕ್ಕೊಂಡು ತಲೆಗೆ ಹಚ್ಕೋತೀರಲ್ಲ, ಅದೇನು ಟೀಚರ್, ವೈರಾಗ್ಯವಾ?" ಅಂದರು.

ಅಲ್ಲಿಗೆ ನನ್ನ ಉಪದೇಶ ಮುಗಿಯಿತು.

"ನೀವು ಬಯಾಲಜಿಯವರು, ಸರಿಯಾಗಿ ಹೇಳಿ. ಈ ಬೊಟಾಕ್ಸು ವೆಜ್ಜೋ ನಾನ್‌ವೆಜ್ಜೋ?"

ಇದು ಸಿಲಬಸ್ಸಿನೊಳಗಿನದು. ಆದರೂ ಸುಲಭವಲ್ಲ. ಹೆಸರೇ ಮಾಂಸದಂಗಡಿಯಿಂದ ಬಂದದ್ದು. ಬಾಟುಲಸ್ ಅಂದರೆ ಲ್ಯಾಟಿನ್ನಿನಲ್ಲಿ ಸಾಸೇಜು, ಕರುಳಿನೊಳಗೆ ಮಾಂಸ ತುಂಬಿ ಮಾಡುವ ಪದಾರ್ಥ. ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಕೆಟ್ಟುಹೋದ ಸಾಸೇಜು ತಿಂದವರಿಗೆ ರೆಪ್ಪೆ ಜೋತು ಬಿದ್ದು, ನುಂಗಲಾಗದೆ, ಕೊನೆಗೆ ಉಸಿರು ಕಟ್ಟುತ್ತಿತ್ತು. ಯುಸ್ಟಿನಸ್ ಕೆರ್ನರ್ ಅನ್ನುವ ವೈದ್ಯ, ಕವಿಯೂ ಹೌದು, 1820ರ ಸುಮಾರಿಗೆ ಇಂಥವರ ಲೆಕ್ಕ ಬರೆದಿಟ್ಟ. ಆ ವಿಷವನ್ನು ಒಂದಿಷ್ಟು ತಾನೇ ನೆಕ್ಕಿಯೂ ನೋಡಿದ. ಇದು ಮುಂದೆ ಔಷಧಿಯಾದರೂ ಆದೀತು ಅಂತ ಆಗಲೇ ಬರೆದ. ಕವಿಯಾಗಿದ್ದಕ್ಕೆ ಹಾಗೆ ತೋಚಿರಬೇಕು. 1895ರಲ್ಲಿ ಬೆಲ್ಜಿಯಮ್ಮಿನ ಒಂದು ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಂದ ಬ್ಯಾಂಡಿನವರು ಉಪ್ಪು ಹಾಕಿಟ್ಟ ಹಂದಿಮಾಂಸ ತಿಂದು ಮಲಗಿದರು, ಮೂವರು ಏಳಲಿಲ್ಲ. ಆ ಮಾಂಸದಿಂದಲೇ ವಾನ್ ಎರ್ಮೆಂಗೆಮ್ ಎಂಬಾತ ರೋಗಾಣುವನ್ನು ಹಿಡಿದು ತೋರಿಸಿದ.

"ಹಂದಿ ತಿಂದು ಸತ್ತವರದ್ದನ್ನ ತಂದು ನನ್ನ ಹಣೆಗೆ ಹಾಕ್ತಾರಾ?"

"ಇಲ್ಲಕ್ಕ. ಈಗ ಆ ರೋಗಾಣುವನ್ನೇ ಸಾಕಿ, ವಿಷ ತೆಗೆದು, ಶುದ್ಧಿ ಮಾಡ್ತಾರೆ. ಹೆಪ್ಪು ಹಾಕಿ ಮೊಸರು ಮಾಡಿದ ಹಾಗೆ ಅಂದ್ಕೊಳ್ಳಿ."

ಸೀಸೆಯೊಳಗೆ ವಿಷದ ಜೊತೆಗೆ ಮನುಷ್ಯರ ರಕ್ತದಿಂದ ತೆಗೆದ ಅಲ್ಬುಮಿನ್ ಕೂಡ ಇರುತ್ತದೆ. ಅದನ್ನು ಹೇಳಲಿಲ್ಲ. ಹಸಿರು ಗುರುತು, ಕಂದು ಗುರುತು ಎರಡರಲ್ಲೂ ಸೇರದ ಆ ವಸ್ತುವನ್ನು ಯಾವ ಡಬ್ಬಿಗೆ ಹಾಕುವುದು ಅಂತ ನನಗೇ ಗೊತ್ತಾಗಲಿಲ್ಲ.

ಅವರಿಗೆ ಹಿಡಿಸಿದ್ದು ಆಮೇಲಿನ ಕತೆ. ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ಡಾಕ್ಟರು ಅಲನ್ ಸ್ಕಾಟ್, ಮೆಳ್ಳೆಗಣ್ಣನ್ನು ಕೊಯ್ಯದೇ ಸರಿ ಮಾಡಬಹುದೇ ಅಂತ ಹುಡುಕುತ್ತಾ ಈ ವಿಷವನ್ನು ಮೊದಲು ಕೋತಿಗಳಿಗೆ, ಆಮೇಲೆ ಮನುಷ್ಯರಿಗೆ ಚುಚ್ಚಿ ನೋಡಿದವರು. 1989ರಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟದ್ದು ಮೆಳ್ಳೆಗಣ್ಣಿಗೆ ಮತ್ತು ಪಟಪಟ ಬಡಿದುಕೊಳ್ಳುವ ರೆಪ್ಪೆಗೆ, ಅಷ್ಟೇ. ಅದಕ್ಕೂ ಎರಡು ವರ್ಷ ಮೊದಲು, ಕೆನಡಾದ ವ್ಯಾಂಕೂವರಿನಲ್ಲಿ ಜೀನ್ ಕರುದರ್ಸ್ ಎಂಬ ಕಣ್ಣಿನ ಡಾಕ್ಟರ ಬಳಿ ಹೀಗೇ ರೆಪ್ಪೆ ಬಡಿತಕ್ಕೆ ಸೂಜಿ ಹಾಕಿಸಿಕೊಳ್ಳುತ್ತಿದ್ದ ಹೆಂಗಸೊಬ್ಬಳು ಒಂದು ದಿನ ತಕರಾರು ತೆಗೆದಳು: ಈ ಸಲ ಹುಬ್ಬಿನ ನಡುವೆ ಯಾಕೆ ಹಾಕಲಿಲ್ಲ? ಅಲ್ಲಿ ನಿಮಗೆ ಬಡಿತ ಇಲ್ಲವಲ್ಲ ಅಂದರು ಡಾಕ್ಟರು. ಇಲ್ಲದಿರಬಹುದು, ಅಲ್ಲಿ ಹಾಕಿದಾಗ ನನ್ನ ಮುಖದಲ್ಲಿ ಚಿಂತೆಯೇ ಕಾಣುವುದಿಲ್ಲ ಅಂದಳಂತೆ ಆಕೆ.

ಜೀನ್ ಅವರ ಗಂಡ ಅಲಾಸ್ಟೇರ್ ಚರ್ಮದ ಡಾಕ್ಟರು. ರಾತ್ರಿ ಊಟದ ಹೊತ್ತಿಗೆ ಹೆಂಡತಿ ಈ ಮಾತು ಹೇಳಿದರು. ಮಾರನೇ ದಿನವೇ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಹಣೆಯ ಮೇಲೆ ಪ್ರಯೋಗ. 1992ರಲ್ಲಿ ಗಂಡ ಹೆಂಡತಿ ಸೇರಿ ಪ್ರಬಂಧ ಬರೆದರು, 2002ರಲ್ಲಿ ಹುಬ್ಬುಗಂಟಿಗೇ ಅಂತ ಅಮೆರಿಕದಲ್ಲಿ ಅಧಿಕೃತ ಮಂಜೂರಾತಿ ಸಿಕ್ಕಿತು.

"ನೋಡಿದ್ರಾ, ಆಯಮ್ಮನೂ ನನ್ನ ಥರಾನೇ" ಅಂದರು ಅಕ್ಕ. "ಚೆಂದ ಕಾಣಬೇಕು ಅಂತ ಎಲ್ಲಿ ಕೇಳಿದ್ಲು? ಚಿಂತೆ ಕಾಣಬಾರದು ಅಂತ ಕೇಳಿದ್ಲು."

ಈ ವ್ಯತ್ಯಾಸ ನನಗೆ ಅಷ್ಟು ಹೊತ್ತೂ ಹೊಳೆದಿರಲಿಲ್ಲ.

ವಿಷ ಕೆಲಸ ಮಾಡುವ ರೀತಿಯನ್ನು ಅಂಚೆಯವನ ಲೆಕ್ಕದಲ್ಲಿ ವಿವರಿಸಿದೆ. ನರ ಅನ್ನುವ ಅಂಚೆಯವನು ಸ್ನಾಯುವಿನ ಬಾಗಿಲ ತನಕ ಚೀಲ ಹೊತ್ತು ಬರುತ್ತಾನೆ. ಚೀಲದಲ್ಲಿರುವ ಕಾಗದದ ಹೆಸರು ಅಸಿಟೈಲ್‌ಕೋಲಿನ್. ಅದು ಕೈಗೆ ಸಿಕ್ಕರೇ ಸ್ನಾಯು ಬಿಗಿಯುವುದು. ಬೊಟಾಕ್ಸು ಚೀಲದ ಬಾಯಿ ಬಿಚ್ಚುವ ಪ್ರೋಟೀನನ್ನು ಕತ್ತರಿಸಿ ಹಾಕುತ್ತದೆ. ಅಂಚೆಯವನು ಬಂದಿದ್ದಾನೆ, ಬಾಗಿಲೂ ತೆಗೆದಿದೆ, ಕಾಗದ ಮಾತ್ರ ಕೈಗೆ ಬರುವುದಿಲ್ಲ. ಮೂರು ನಾಲ್ಕು ತಿಂಗಳಲ್ಲಿ ನರ ಮತ್ತೆ ಸರಿಹೋಗುತ್ತದೆ, ಗಂಟೂ ವಾಪಸ್ಸಾಗುತ್ತದೆ.

"ಅಂದ್ರೆ ಮದುವೆ, ಬೀಗರೂಟ, ಮೊದಲನೇ ಹಬ್ಬ ಕಳೆಯೋ ತನಕ ಬರುತ್ತೆ" ಅಂತ ಅಕ್ಕ ಬೆರಳು ಮಡಿಸಿದರು. ಬ್ಯಾಂಕಿನವರು.

ಫಿಲ್ಲರಿನ ಬಗ್ಗೆ ಹೇಳಲು ಎದುರಿಗಿನ ಪಾತ್ರೆಯೇ ಸಾಕಾಯಿತು. ಒಂದು ಕಾಳು ಹಿಚುಕಿ, ಬೇಳೆ ಜಾರಿಹೋದ ಸಿಪ್ಪೆಯನ್ನು ತೋರಿಸಿದೆ. ಚರ್ಮ ಹಳತಾಗುವುದು ಒಂದು. ಅದರಡಿಯ ಕೊಬ್ಬು ಕರಗಿ ಕೆಳಗಿಳಿಯುವುದು, ಕೆನ್ನೆಯ ಮೂಳೆಯೇ ಸವೆಯುವುದು ಇನ್ನೊಂದು. ಮುಟ್ಟು ನಿಂತ ಮೊದಲ ಐದು ವರ್ಷದಲ್ಲೇ ನಮ್ಮ ಚರ್ಮದ ಕೊಲಾಜೆನ್ನಿನಲ್ಲಿ ಸುಮಾರು ಶೇಕಡಾ 30ರಷ್ಟು ಹೋಗಿರುತ್ತದೆ. ಖಾಲಿಯಾದ ಸಿಪ್ಪೆಗೆ ಮತ್ತೆ ಬೇಳೆ ತುಂಬುವುದೇ ಫಿಲ್ಲರು. ಹಿಂದೆ ದನದ ಚರ್ಮದ ಕೊಲಾಜೆನ್ ತುಂಬುತ್ತಿದ್ದರು. 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯಾದದ್ದು. ಈಗಿನದು ಬಹುಪಾಲು ಹಯಲುರಾನಿಕ್ ಆಮ್ಲ, ನೀರನ್ನು ಹಿಡಿದಿಟ್ಟುಕೊಳ್ಳುವ ಲೋಳೆ. ನ್ಯೂಯಾರ್ಕಿನ ಕಾರ್ಲ್ ಮೇಯರ್ 1934ರಲ್ಲಿ ಮೊದಲು ತೆಗೆದದ್ದು ದನದ ಕಣ್ಣಿನಿಂದ. ಆಮೇಲೆ ಬಹಳ ಕಾಲ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು.

"ಹುಂಜದ ಜುಟ್ಟು!" ಅಕ್ಕ ಕೈ ತೊಳೆದುಕೊಂಡರು. "ಜುಟ್ಟಿಗೆ ಮಲ್ಲಿಗೆ ಹೂವು ಕೇಳಿದ್ದೆ, ಕೆನ್ನೆಗೆ ಜುಟ್ಟು ಕೇಳಿರಲಿಲ್ಲ."

ಈಗ ಅದನ್ನೂ ಬ್ಯಾಕ್ಟೀರಿಯಾಗಳ ಕೈಯಲ್ಲೇ ಮಾಡಿಸುತ್ತಾರೆ ಅಂದರೂ ಅಕ್ಕ ಪಟ್ಟಿಯಲ್ಲಿ ಫಿಲ್ಲರಿನ ಮೇಲೆ ಗೀಟು ಎಳೆದಾಗಿತ್ತು. ಒಳ್ಳೆಯದೇ ಆಯಿತು. ಸಿನಿಮಾದವರ ಹೊಸ ಫೋಟೋಗಳನ್ನು ನೋಡಿದಾಗಲೆಲ್ಲ ನನಗೆ ಚ್ಯವನ ಋಷಿಯ ಕತೆ ನೆನಪಾಗುತ್ತದೆ. ಮುದಿ ಚ್ಯವನನಿಗೆ ಯೌವನ ಕೊಡಲು ಅಶ್ವಿನೀದೇವತೆಗಳು ಅವನನ್ನು ಕರೆದುಕೊಂಡು ಕೊಳದಲ್ಲಿ ಮುಳುಗಿದರಲ್ಲ, ಎದ್ದಾಗ ಮೂವರೂ ಒಂದೇ ಥರ. ಪಾಪ, ಸುಕನ್ಯೆ ಗಂಡ ಯಾರು ಅಂತ ತಡಕಾಡಬೇಕಾಯಿತು. ಫಿಲ್ಲರಿನ ಕೊಳದಿಂದ ಏಳುವವರ ಕೆನ್ನೆ, ತುಟಿ ಕೂಡ ಒಂದೇ ಅಚ್ಚಿನವು. ಸೌದಿ ಅರೇಬಿಯಾದಲ್ಲಿ ಒಂಟೆಗಳ ಸೌಂದರ್ಯ ಸ್ಪರ್ಧೆ ನಡೆಯುತ್ತದೆ. 2018ರಲ್ಲಿ ತುಟಿ ಮೂತಿಗೆ ಬೊಟಾಕ್ಸ್ ಹಾಕಿಸಿದ್ದಾರೆಂದು 12 ಒಂಟೆಗಳನ್ನು ಹೊರಗೆ ಹಾಕಿದರು. ನಮ್ಮ ದಸರಾ ಆನೆಗಳೇ ವಾಸಿ. ಸೊಂಡಿಲ ಮೇಲೆ ಬಣ್ಣದ ಚಿತ್ತಾರ, ಆಮೇಲೆ ತೊಳೆದರೆ ಹೋಯಿತು.

ಕ್ಲಿನಿಕ್ಕಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅವರ ಯಜಮಾನರಿಗೆ ಹೇಳಿದ್ದು ಸೀರೆಗೆ ಫಾಲ್ ಹಾಕಿಸಿ ಬರ್ತೀವಿ ಅಂತ.

ನನಗಿದ್ದ ಭಯ ಒಂದೇ, ಸೂಜಿ ಹಿಡಿಯುವವರು ಯಾರು ಅನ್ನೋದು. ಐಬ್ರೋ ಮಾಡುವ ಕಡೆಯಲ್ಲೇ ಇದನ್ನೂ ಮಾಡುತ್ತಾರೆ ಅಂತ ಕೇಳಿದ್ದೆ. ಬೊಟಾಕ್ಸು ಸ್ವಲ್ಪ ಆಚೀಚೆ ಹರಿದರೆ ರೆಪ್ಪೆ ಜೋತು ಬಿದ್ದು ವಾರಗಟ್ಟಲೆ ಹಾಗೇ ಇರುತ್ತದೆ. ಫಿಲ್ಲರು ರಕ್ತನಾಳದೊಳಗೆ ಹೋದರೆ ಆ ಜಾಗದ ಚರ್ಮ ಸಾಯಬಹುದು. ಅಪರೂಪಕ್ಕೆ ಕಣ್ಣೇ ಹೋದದ್ದಿದೆ. ರಕ್ತ ತೆಗೆದು ಅದರ ಪ್ಲೇಟ್‌ಲೆಟ್ ಅಂಶವನ್ನು ಮುಖಕ್ಕೇ ಚುಚ್ಚುವ ಪಿಆರ್‌ಪಿ ನೋಡಲು ಸಾಧು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸಿಲ್ಲದ ಒಂದು ಸ್ಪಾದಲ್ಲಿ ಅದನ್ನು ಮಾಡಿಸಿಕೊಂಡ ಹೆಂಗಸರಿಗೆ ಎಚ್‌ಐವಿ ಹತ್ತಿದ್ದು 2018ರಲ್ಲಿ ಗೊತ್ತಾಯಿತು. ಆದ್ದರಿಂದ ಒಳಗೆ ಹೋದವಳೇ ಗೋಡೆಯ ಮೇಲಿನ ಸರ್ಟಿಫಿಕೇಟನ್ನು ಕನ್ನಡಕ ಹಾಕಿಕೊಂಡು ಓದಿದೆ. ಎಂಬಿಬಿಎಸ್, ಮೇಲೆ ಚರ್ಮರೋಗದ ಎಂಡಿ. ಡಾಕ್ಟರು ಮೂವತ್ತೈದರ ಹುಡುಗಿ. ಅಕ್ಕನಿಗೆ ಯಾವ ಮಾತ್ರೆ ನಡೆಯುತ್ತಿದೆ, ರಕ್ತ ತೆಳುವಾಗುವ ಗುಳಿಗೆ ಇದೆಯಾ, ಸ್ನಾಯು ಸೋಲುವ ಕಾಯಿಲೆ ಏನಾದರೂ ಇದೆಯಾ ಅಂತ ಒಂದೊಂದೇ ಕೇಳಿದಳು. ನನಗೆ ಸಮಾಧಾನವಾಯಿತು.

"ಇಪ್ಪತ್ತು ಯೂನಿಟ್ ಬೇಕಾಗುತ್ತೆ ಆಂಟಿ. ಯೂನಿಟ್‌ಗೆ 350."

"ಯೂನಿಟ್ಟಾ? ಕರೆಂಟಿನ ಥರಾನಾ? ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಕೊಡ್ತಾರಲ್ಲಮ್ಮ" ಅಂದರು ಅಕ್ಕ. ಡಾಕ್ಟರು ನಕ್ಕಳು, ದರ ಇಳಿಸಲಿಲ್ಲ. ಈ ಯೂನಿಟ್ಟಿನ ಲೆಕ್ಕ ಮೂಲತಃ ಇಲಿಯ ಲೆಕ್ಕ. ಒಂದು ಗುಂಪಿನ ಬಿಳಿ ಇಲಿಗಳಿಗೆ ತಲಾ ಎಷ್ಟು ವಿಷ ಚುಚ್ಚಿದರೆ ಅರ್ಧಕ್ಕರ್ಧ ಸಾಯುತ್ತವೋ ಅಷ್ಟು ಒಂದು ಯೂನಿಟ್. ಗಣಪತಿಯ ಭಕ್ತೆ ಅವರು, ಸುಮ್ಮನೆ ಕೂತೆ.

"ಬೊಟ್ಟು ತೆಗೀಬೇಕು ಆಂಟಿ, ಅಲ್ಲೇ ಹಾಕೋದು."

ಅಕ್ಕನ ಕೈ ಹಣೆಯ ಹತ್ತಿರ ಹೋಗಿ ನಿಂತಿತು. ಅದುವರೆಗೂ ಇದ್ದ ತಮಾಷೆ ಎಲ್ಲಿ ಹೋಯಿತೋ. ಮದುವೆಯಾದ ಮೇಲೆ ಎಚ್ಚರ ಇದ್ದಾಗ ಆ ಜಾಗ ಬರಿದಾಗಿದ್ದೇ ಇಲ್ಲವಂತೆ. ಸ್ನಾನದ ಮನೆಯ ಕನ್ನಡಿ ಪಕ್ಕದಲ್ಲೂ ಒಂದು ಭರಣಿ. ಡಾಕ್ಟರು ಅವಸರ ಮಾಡಲಿಲ್ಲ. ಅಕ್ಕ ಪರ್ಸಿನಿಂದ ಕುಂಕುಮದ ಪೊಟ್ಟಣ ತೆಗೆದು, ಬೈತಲೆಗೆ ಚಿಟಿಕೆ ಇಟ್ಟುಕೊಂಡು, ಆಮೇಲೆ ಬೊಟ್ಟು ಒರೆಸಿದರು. ಆ ಜಾಗದ ಚರ್ಮ ಬೇರೆ ಬಣ್ಣಕ್ಕೇ ತಿರುಗಿತ್ತು.

"ಈಗ ಸಿಟ್ಟು ಮಾಡ್ಕೊಳ್ಳಿ ಆಂಟಿ."

"ಸುಮ್ಮಸುಮ್ಮನೆ ಹೇಗಮ್ಮ ಬರುತ್ತೆ?"

"ಹರಕು ನೋಟು ಅಕ್ಕ" ಅಂತ ನಾನು ನೆನಪಿಸಿದೆ. ಕೂಡಲೇ ಜಯ ವಿಜಯರು ಎದ್ದು ನಿಂತರು. ಬಿಳಿ ಪೆನ್ಸಿಲಿನಿಂದ ಐದು ಚುಕ್ಕೆ ಇಟ್ಟು ಐದು ಕಡೆ ಸೂಜಿ. ಇರುವೆ ಕಚ್ಚಿದಷ್ಟೇ ಅಂದರು ಅಕ್ಕ. ಕಟ್ಟಿರುವೆ ಅಂತ ಆಮೇಲೆ ತಿದ್ದಿದರು. ನಾಲ್ಕು ಗಂಟೆ ಮಲಗಬೇಡಿ, ಉಜ್ಜಬೇಡಿ, ಬೊಟ್ಟು ಒತ್ತಿ ಇಡಬೇಡಿ. ಫಲ ಮೂರು ನಾಲ್ಕು ದಿನಕ್ಕೆ ಶುರುವಾಗಿ ಎರಡು ವಾರಕ್ಕೆ ಪೂರ್ತಿಯಾಗುತ್ತದೆ.

ಅಷ್ಟರಲ್ಲಿ ಆ ಹುಡುಗಿ ನನ್ನ ಕಡೆ ತಿರುಗಿ, "ಮೇಡಂ, ನೀವು ಡ್ರೈವ್ ಮಾಡ್ತಿದ್ರಾ? ನಿಮ್ಮ ಎಡಕೆನ್ನೆಗೆ ಬಲಕೆನ್ನೆಗಿಂತ ಜಾಸ್ತಿ ವಯಸ್ಸಾಗಿದೆ" ಅಂದಳು.

ಕನ್ನಡಿ ನೋಡಿದೆ. ಹೌದು. ಎಡಗಡೆ ಬಂಗು ಹೆಚ್ಚು, ಗೆರೆಯೂ ಹೆಚ್ಚು. ಇಷ್ಟು ವರ್ಷ ನನಗೇ ಕಂಡಿರಲಿಲ್ಲ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 28 ವರ್ಷ ಲಾರಿ ಓಡಿಸಿದವನ ಚಿತ್ರ ಬಂದಿತ್ತಂತೆ. ಅಲ್ಲಿ ಡ್ರೈವರ್ ಕೂರುವುದು ಎಡಕ್ಕೆ. ಮುಖದ ಎಡಭಾಗ ಮುದುಕನದ್ದು, ಬಲಭಾಗ ಅವನ ತಮ್ಮನದ್ದು ಅನ್ನುವ ಹಾಗಿತ್ತಂತೆ. ಕಿಟಕಿಯ ಗಾಜು ಬಿಸಿಲ ಯುವಿಎ ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ. ಆದರೆ ನಮ್ಮಲ್ಲಿ ಡ್ರೈವರ್ ಕೂರುವುದು ಬಲಕ್ಕೆ, ನಾನು ಸ್ಟೇರಿಂಗ್ ಹಿಡಿದವಳೂ ಅಲ್ಲವಲ್ಲ.

ಮನೆಗೆ ಬರುವಾಗ ಆಟೋದಲ್ಲಿ ಹೊಳೆಯಿತು. ಕೆಲಸದ ಬಹುಪಾಲು ವರ್ಷ ನಾನು ಮೈಸೂರಿನಿಂದ ನಂಜನಗೂಡಿಗೆ ಬಸ್ಸಿನಲ್ಲಿ ಓಡಾಡಿದವಳು. ಎಡಗಡೆ ಕಿಟಕಿಯ ಸೀಟು ನನ್ನದು, ಕಂಡಕ್ಟರಿಗೂ ಗೊತ್ತಿತ್ತು. ನಂಜನಗೂಡು ಇರುವುದು ದಕ್ಷಿಣಕ್ಕೆ. ಬೆಳಿಗ್ಗೆ ಹೋಗುವಾಗ ಪೂರ್ವದ ಬಿಸಿಲು ಎಡಕ್ಕೆ. ಸಂಜೆ ಉತ್ತರಕ್ಕೆ ಮುಖ ಮಾಡಿ ವಾಪಸ್ಸು ಬರುವಾಗ ಪಶ್ಚಿಮದ ಬಿಸಿಲು, ಅದೂ ಎಡಕ್ಕೇ! ಸೂರ್ಯ ಹೋಗುತ್ತಾ ಬರುತ್ತಾ ಒಂದೇ ಕೆನ್ನೆಯನ್ನು ಸುಟ್ಟಿದ್ದಾನೆ. ಬಯಾಲಜಿ ಮೇಡಮ್ಮಿಗೆ ಬಲಗಡೆ ಕೂರಬೇಕು ಅಂತ ಒಂದು ದಿನವೂ ತೋಚಲಿಲ್ಲ.

ನನಗೆ ಬರೆದುಕೊಟ್ಟದ್ದು ಒಂದು ಸನ್‌ಸ್ಕ್ರೀನು, ರಾತ್ರಿಗೆ ಬಟಾಣಿ ಗಾತ್ರದ ಟ್ರೆಟಿನಾಯ್ನ್ ಕ್ರೀಮು. ಲೇಸರು, ಗಟ್ಟಿ ಪೀಲು ಸದ್ಯಕ್ಕೆ ಬೇಡ ಅಂದಳು. ನಮ್ಮ ಗೋಧಿಬಣ್ಣ, ಎಣ್ಣೆಗೆಂಪು ಚರ್ಮ ಸುಟ್ಟ ಕಡೆ ಕಪ್ಪಾಗುವುದು ಬಿಳಿಯರಿಗಿಂತ ಹೆಚ್ಚು. ಬಂಗು ಇರುವವರಿಗಂತೂ ತೆಗೆಯಲು ಹೋಗಿ ಇನ್ನಷ್ಟು ತಂದುಕೊಂಡ ಹಾಗಾಗುತ್ತದೆ. ಮೆಡಿಕಲ್ ಶಾಪಿನವನು ಎತ್ತಿ ಕೊಡುವ ಸ್ಟೀರಾಯ್ಡ್ ಬೆರೆತ ಬಿಳಿಯಾಗುವ ಕ್ರೀಮು ಮುಟ್ಟಲೇಬೇಡಿ, ಚರ್ಮ ಈರುಳ್ಳಿ ಸಿಪ್ಪೆಯ ಹಾಗಾಗುತ್ತದೆ ಅಂದಳು. ಕಡಲೆಹಿಟ್ಟು ಮೊಸರು ಹಚ್ಚುತ್ತೇನೆ ಅಂದದ್ದಕ್ಕೆ, "ಅದೂ ಪೀಲೇ ಮೇಡಂ, ಲ್ಯಾಕ್ಟಿಕ್ ಆಸಿಡ್. ಬಹಳ ಸಣ್ಣದು" ಅಂತ ನನ್ನ ಅಜ್ಜಿಯ ಮರ್ಯಾದೆ ಉಳಿಸಿದಳು.

ಟ್ರೆಟಿನಾಯ್ನಿನ ಕತೆಯನ್ನು ಅಕ್ಕನಿಗೆ ಹೇಳಬಾರದಿತ್ತು. ಮೊಡವೆಗೆ ಅಂತ 1971ರಲ್ಲಿ ಅಮೆರಿಕದಲ್ಲಿ ಬಂದ ಔಷಧಿ. ಹಚ್ಚಿದ ನಡುವಯಸ್ಸಿನವರು ನಮ್ಮ ಸುಕ್ಕೂ ಕಡಿಮೆಯಾಯಿತು ಅಂದರು. ಅದರ ಹಿಂದಿದ್ದ ಡಾಕ್ಟರು ಆಲ್ಬರ್ಟ್ ಕ್ಲಿಗ್‌ಮನ್. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ, 1950ರ ದಶಕದಿಂದ 1974ರವರೆಗೆ, ಆತ ಕೈದಿಗಳ ಬೆನ್ನಿನ ಮೇಲೆ ಏನೇನೋ ಹಚ್ಚಿ ನೋಡಿದ. ಕೈದಿಗಳಲ್ಲಿ ಹೆಚ್ಚಿನವರು ಕರಿಯರು. ಜೈಲಿನೊಳಗೆ ಕಾಲಿಟ್ಟಾಗ ಕಂಡದ್ದು ಎಕರೆಗಟ್ಟಲೆ ಚರ್ಮ ಅಂತ ಪತ್ರಿಕೆಯವರಿಗೆ ತಾನೇ ಹೇಳಿಕೊಂಡಿದ್ದ.

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಚ್ಚಿಕೊಳ್ಳೋವಾಗ ಒಂದ್ಸಲ ನೆನೆಸಿಕೊಳ್ಳಿ ಅವರನ್ನ" ಅಂದರು. ಕ್ರೀಮಿನ ಟ್ಯೂಬು ಇವತ್ತಿಗೂ ಅರ್ಧ ಹಾಗೇ ಇದೆ. ಉರಿಯುತ್ತೆ ಅಂತ ಬಿಟ್ಟೆನೋ, ಆ ಮಾತಿಗೋ, ಗೊತ್ತಿಲ್ಲ. ಸನ್‌ಸ್ಕ್ರೀನು ಮಾತ್ರ ಬಿಟ್ಟಿಲ್ಲ, ಎಡಕ್ಕೆ ಎರಡು ಪದರ.

ಮದುವೆ ಚೆನ್ನಾಗಿ ಆಯಿತು. ಫೋಟೋಗಳಲ್ಲಿ ಅಕ್ಕ ಮೊಸರು ಕುಡಿದು ನೆರಳಲ್ಲಿ ಕೂತವರ ಹಾಗೆ ತಂಪಾಗಿದ್ದಾರೆ. ಯಜಮಾನರು, ಸೀರೆಯ ಫಾಲ್ ಚೆನ್ನಾಗಿ ಬಂದಿದೆ ಅಂದರಂತೆ. ಸೊಸೆ "ಅಮ್ಮ, ಅಮ್ಮ" ಅಂತ ಹಿಂದೆ ಮುಂದೆ ತಿರುಗುತ್ತಾಳೆ. ಅಡುಗೆಯವನ ಹತ್ತಿರ ಜಿಲೇಬಿ ಲೆಕ್ಕದಲ್ಲಿ ಜಗಳವಾದಾಗ ಮಾತ್ರ ಸ್ವಲ್ಪ ಫಜೀತಿಯಾಯಿತು. ಅಕ್ಕ ಬಾಯಿ ತುಂಬ ಬೈಯುತ್ತಿದ್ದರೆ ಅವನು ಆಶೀರ್ವಾದ ತೆಗೆದುಕೊಳ್ಳುವವನ ಹಾಗೆ ತಲೆಯಾಡಿಸುತ್ತಾ ನಿಂತಿದ್ದ.

ಮೊನ್ನೆ ಬೆಳಿಗ್ಗೆ ಸೊಪ್ಪಿನವಳು ಬಂದಿದ್ದಳು. ನಾನು ಕಾಂಪೌಂಡಿನ ಈಚೆ ಪೇಪರ್ ಓದುತ್ತಿದ್ದೆ.

"ದಂಟು ಎಷ್ಟಮ್ಮ?"

"ಕಟ್ಟು ಇಪ್ಪತ್ತೈದು ಅಮ್ಮೋರೆ."

"ಇಪ್ಪತ್ತೈದಾ!" ಅಂದರು ಅಕ್ಕ. ಮೊದಲಾಗಿದ್ದರೆ ಇಲ್ಲಿಗೇ ಐದು ರೂಪಾಯಿ ಇಳಿಯುತ್ತಿತ್ತು. ಅವಳು ಮುಖ ನೋಡಿದಳು. ಹಣೆ ನಿರ್ಮಲವಾಗಿತ್ತು, ಹುಣ್ಣಿಮೆಯ ಆಕಾಶ.

"ಹೂಂ ಅಮ್ಮೋರೆ, ಇಪ್ಪತ್ತೈದು. ಮೆಂತ್ಯ ಮೂವತ್ತು."

ಅಕ್ಕ ಇನ್ನೊಂದು ಸಲ ದನಿ ಏರಿಸಿದರು. ಸೊಪ್ಪಿನವಳು ನಗುತ್ತಾ ಬುಟ್ಟಿ ಸರಿ ಮಾಡಿಕೊಂಡಳು. ಅಕ್ಕ ಎರಡು ಕೈಯಲ್ಲೂ ಹುಬ್ಬನ್ನು ಒಂದು ಕಡೆ ಸೇರಿಸಲು ನೋಡಿ, ಆಗದೆ, ಗೋಡೆಯ ಕಡೆ ತಿರುಗಿದರು.

"ಟೀಚರ್, ಒಂದ್ನಿಮಿಷ ಗೇಟಿನ ಹತ್ರ ಬನ್ನಿ. ಏನೂ ಮಾತಾಡಬೇಡಿ, ಸುಮ್ನೆ ನನ್ನ ಪಕ್ಕ ನಿಂತ್ಕೊಂಡು ಅವಳನ್ನ ನೋಡಿ."

ಪೇಪರ್ ಮಡಿಸಿಟ್ಟು, ಕನ್ನಡಕ ತೆಗೆದು, ಮಾರ್ಕ್ಸು ಕಡಿಮೆ ಬಂದವರನ್ನು ನೋಡುವ ಹಾಗೆ ನೋಡಿದೆ. ದಂಟು ಇಪ್ಪತ್ತಕ್ಕೆ ಬಂತು. ಮೆಂತ್ಯಕ್ಕೆ ಒಂದು ಹಿಡಿ ಕೊತ್ತಂಬರಿ ಕೊಸರು.